ಜೇಡ್ ನೋಡುವಾಗ ಮೊದಲು ತೂತು ನೋಡಿ

ಮ್ಯೂಸಿಯಂನಲ್ಲಿ ಹಳೆಯ ಚೀನೀ ಜೇಡ್ ಮುಂದೆ ಜನ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಹಸಿರು ಕಲ್ಲು, ನಡುವೆ ತೂತು, ನೋಡಿದ್ದಾಯ್ತು. ನಾನೂ ಹಾಗೇ ಇದ್ದೆ. ಆಮೇಲೆ ಹವ್ಯಾಸಕ್ಕೆ ಅಂತ ಕಲ್ಲಿಗೆ ಸಾಣೆ ಹಿಡಿಯುವುದು ಕಲಿತೆ. ಒಂದು ಭಾನುವಾರ ನೆಫ್ರೈಟ್ ಜೇಡ್‌ನ ಚೂರೊಂದರ ಮೇಲೆ ಒದ್ದೆ ಮರಳು ಹಾಕಿ, ಬಿದಿರಿನ ಕೊಳವೆ ತಿರುಗಿಸುತ್ತಾ ಕೂತೆ. ಸಂಜೆಗೆ ಸಿಕ್ಕಿದ್ದು ಉಗುರಿಗೆ ತಾಗುವಷ್ಟು ಆಳದ ಒಂದು ಉಂಗುರದ ಗುರುತು, ಅಂಗೈಯಲ್ಲಿ ಎರಡು ಬೊಬ್ಬೆ. ಅವತ್ತಿನಿಂದ ಜೇಡ್ ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ತೂತಿಗೆ.

ನೀವು ಮೊದಲು ಮಾಡಬೇಕಾದದ್ದು, ‘ಕೆತ್ತನೆ’ ಅನ್ನುವ ಮಾತನ್ನು ಬದಿಗಿಡುವುದು. ನೆಫ್ರೈಟ್ ಗಟ್ಟಿತನ ಮೋಹ್ಸ್ ಅಳತೆಯಲ್ಲಿ 6ರಿಂದ 6.5. ಒಳಗೆ ನಾರು ನಾರಾಗಿ ಹೆಣೆದುಕೊಂಡಿರುವುದರಿಂದ ಉಳಿಗೆ ಬಗ್ಗುವ ಕಲ್ಲಲ್ಲ ಇದು. ಮರಳಲ್ಲಿರುವ ಬೆಣಚುಕಲ್ಲಿನ ಗಟ್ಟಿತನ 7. ಹಾಗಾಗಿ ಕೆಲಸವೆಲ್ಲ ಮರಳಿನದು. ದಾರ, ಬಿದಿರು ಎಲ್ಲ ಆ ಮರಳನ್ನು ಓಡಾಡಿಸುವುದಕ್ಕೆ, ಅಷ್ಟೆ.

ಕಣ್ಣು ಪಳಗಿಸಲು ತ್ಸುಂಗ್ ಎಂಬ ಜೇಡ್ ವಸ್ತು ಒಳ್ಳೆಯದು. ಹೊರಗೆ ಚೌಕ, ಒಳಗೆ ಉದ್ದಕ್ಕೂ ದುಂಡು ತೂತು. ಕ್ರಿ.ಪೂ. 3300ರಿಂದ 2300ರವರೆಗೆ ಪೂರ್ವ ಚೀನಾದ ತೈಹು ಸರೋವರದ ಸುತ್ತ ಬಾಳಿದ ಲಿಯಾಂಗ್‌ಝು ಜನ ದೊಡ್ಡವರ ಸಮಾಧಿಯಲ್ಲಿ ಇದನ್ನು ಇಡುತ್ತಿದ್ದರು. ಬಗ್ಗಿ ಒಳಗೆ ನೋಡಿ. ನಡುವೆ ಸಣ್ಣ ಏಣು ಇದೆ ಅಲ್ವಾ? ಎರಡೂ ಕಡೆಯಿಂದ ಕೊರೆಯುತ್ತಾ ಬಂದಾಗ ಮಧ್ಯದಲ್ಲಿ ಕೂದಲೆಳೆಯಷ್ಟು ತಪ್ಪಿದ ಗುರುತು ಅದು. ನನಗಂತೂ ಇಡೀ ಕಲ್ಲಿನಲ್ಲಿ ತುಂಬ ಇಷ್ಟವಾಗುವ ಜಾಗ.

ಆಮೇಲೆ ತ್ಸುಂಗ್‌ನ ಮೂಲೆಗೆ ಬನ್ನಿ. ಎದುರಿಗೇ ನಿಂತರೆ ಏನೂ ಕಾಣುವುದಿಲ್ಲ. ದೀಪದ ಬೆಳಕು ಕಲ್ಲಿನ ಮೇಲೆ ಓರೆಯಾಗಿ ಬೀಳುವ ತನಕ ಪಕ್ಕಕ್ಕೆ ಸರಿಯಿರಿ. ಅಲ್ಲಿ ಗೀಚಿದ ಮುಖದ ಎರಡು ದುಂಡು ಕಣ್ಣು, ಅಗಲ ಬಾಯಿ ಮೇಲೆದ್ದು ಬರುತ್ತವೆ. 1986ರಲ್ಲಿ ಫಾನ್‌ಶಾನ್ ಎಂಬ ಲಿಯಾಂಗ್‌ಝು ಸ್ಮಶಾನದ 12ನೇ ಸಮಾಧಿಯಲ್ಲಿ ಸಿಕ್ಕ ತ್ಸುಂಗ್ ಕೇವಲ 8.9 ಸೆಂಟಿಮೀಟರ್ ಎತ್ತರ, ತೂಕ ಮಾತ್ರ 6.5 ಕಿಲೋ. ಅದು ಹಾಂಗ್‌ಝೌನಲ್ಲಿರುವ ಝೆಜಿಯಾಂಗ್ ಪ್ರಾಂತ್ಯದ ಮ್ಯೂಸಿಯಂನದು. ಲೋಹದ ಉಪಕರಣ ಇಲ್ಲದ ಕಾಲದಲ್ಲಿ ಅಷ್ಟು ಸಣ್ಣ ಗೆರೆಗಳನ್ನು ಗೀಚಿದ್ದಾರೆ ಅಂದರೆ, ಭೂತಗನ್ನಡಿ ಜೇಬಿನಲ್ಲಿರಲಿ.

ಬೀ ಅನ್ನುವ ತಟ್ಟೆಯಂಥ ಬಿಲ್ಲೆ ಸಿಕ್ಕರೆ ಮೈಮೇಲೆ ಬಾಗಿದ ಗೀರು ಹುಡುಕಿ. ದಾರದಿಂದ ಸೀಳಿದ ಕಲ್ಲು ಹಾಗಿರುತ್ತದೆ. ಬಿಳಿಚಿದ ಕಲ್ಲನ್ನು ಕೀಳಾಗಿ ನೋಡಬೇಡಿ. ಸಾವಿರಾರು ವರ್ಷ ಮಣ್ಣಿನಲ್ಲಿ ಇದ್ದದ್ದಕ್ಕೆ ಬಣ್ಣ ಹೋಗಿದೆ.

ಬೋರ್ಡಿನಲ್ಲಿ ‘ಬೀ ಆಕಾಶಕ್ಕೆ, ತ್ಸುಂಗ್ ಭೂಮಿಗೆ’ ಅಂತ ಬರೆದಿದ್ದರೆ ಸುಮ್ನೆ ನಂಬಿಬಿಡಬೇಡಿ. ಆ ಮಾತು ಬಂದದ್ದು ಝೌಲಿ ಎಂಬ ಗ್ರಂಥದಿಂದ. ಅದು ಲಿಯಾಂಗ್‌ಝು ಮುಗಿದು ಸಾವಿರಾರು ವರ್ಷ ಆದ ಮೇಲಿನದು. 18ನೇ ಶತಮಾನದ ಚಿಯಾನ್‌ಲಾಂಗ್ ಚಕ್ರವರ್ತಿಯಂತೂ ತ್ಸುಂಗನ್ನು ತಲೆಕೆಳಗಾಗಿ ಇಟ್ಟುಕೊಂಡು ಅದರ ಮೇಲೆ ತನ್ನ ಕವಿತೆ ಬರೆಸಿದ್ದಾನೆ!

ಸುಮಾರು ಎರಡು ಸಾವಿರ ವರ್ಷ ಹಿಂದಿನ ಹಾನ್ ರಾಜವಂಶದ ಕಾಲದ ವಸ್ತುಗಳಿಗೆ ಬಂದರೆ ನೋಡುವ ಬಗೆ ಬೇರೆ. ಸತ್ತವರ ನಾಲಗೆಯ ಮೇಲೆ ಜೇಡ್ ಜೀರುಂಡೆ, ಕೈಯಲ್ಲಿ ಹಂದಿ. ಜೀರುಂಡೆ ಮಣ್ಣಿನಿಂದ ಎದ್ದು ಬಂದು ಪೊರೆ ಕಳಚುತ್ತದಲ್ಲ, ಸತ್ತವರೂ ಹಾಗೇ ಮತ್ತೆ ಹುಟ್ಟಲಿ ಅಂತ. ಒಳ್ಳೆಯ ಜೀರುಂಡೆಯಲ್ಲಿ ಗೆರೆಗಳನ್ನು ಬೆರಳಲ್ಲಿ ಎಣಿಸಬಹುದು. ಅಷ್ಟರಲ್ಲೇ ರೆಕ್ಕೆ, ತಲೆ ಎಲ್ಲ ಮುಗಿದಿರುತ್ತದೆ.

ಕೊನೆಗೆ ಶಿಜಿಯಾಝುವಾಂಗ್‌ನ ಹೆಬೈ ಮ್ಯೂಸಿಯಂಗೆ ಹೋದರೆ ಹಾನ್ ರಾಜಕುಮಾರ ಲಿಯು ಶೆಂಗ್‌ನ ಶವಕ್ಕೆ ತೊಡಿಸಿದ್ದ ಜೇಡ್ ಕವಚ. 1968ರಲ್ಲಿ ಸಿಕ್ಕಿದ್ದು. 2,498 ಚೂರು, ಹೊಲಿದಿರುವುದು ಚಿನ್ನದ ತಂತಿಯಲ್ಲಿ. ದೇಹ ಕೆಡದಿರಲಿ ಅಂತ ಮಾಡಿಸಿದ್ದು, ದೇಹವೇ ಮಣ್ಣಾಗಿತ್ತು. ಎಲ್ಲರೂ ಚಿನ್ನ ನೋಡುತ್ತಾರೆ. ನೀವು ಚೂರಿನ ಮೂಲೆ ನೋಡಿ. ಹೆಚ್ಚಿನವಕ್ಕೆ ನಾಲ್ಕೂ ಮೂಲೆಯಲ್ಲಿ ತೂತು. ಹತ್ತಿರ ಹತ್ತಿರ ಹತ್ತು ಸಾವಿರ ಆಯ್ತು. ಆಗ ಕಬ್ಬಿಣದ ಉಪಕರಣ ಬಂದಿತ್ತು, ನಿಜ. ಆದರೂ ನನ್ನ ಅಂಗೈ ಮತ್ತೆ ಉರಿಯಿತು.