ಟೆಂಡನ್ ತೆಗೆಯುವ ಮೊದಲು ಮಣಿಕಟ್ಟು ನೋಡುವುದು ಹೇಗೆ

ಮಂಗಳೂರಿನಲ್ಲಿ ಮೊದಲ ವರ್ಷದ ಎಂಬಿಬಿಎಸ್ ಮಕ್ಕಳಿಗೆ ನಾನು ಅನಾಟಮಿ ಕಲಿಸುತ್ತೇನೆ. ಮುಂಗೈ ಪಾಠದ ದಿನ ಡಿಸೆಕ್ಷನ್ ಹಾಲಿಗೆ ಹೋಗುವ ಮೊದಲೇ ಎಲ್ಲರಿಗೂ ಅಂಗಿಯ ತೋಳು ಮಡಚಲು ಹೇಳುತ್ತೇನೆ. ಪುಸ್ತಕದ ಚಿತ್ರದಂತೆ ಎಲ್ಲರ ಮುಂಗೈ ಇರುವುದಿಲ್ಲ. ಮುಂದೆ ಸರ್ಜನ್ ಆಗುವವರಿಗೆ ಇದು ಈಗಲೇ ಗೊತ್ತಿರಬೇಕು.

ನೀವೂ ಮಾಡಿ ನೋಡಿ. ಹೆಬ್ಬೆರಳಿನ ತುದಿಯನ್ನು ಕಿರುಬೆರಳಿನ ತುದಿಗೆ ಮುಟ್ಟಿಸಿ, ಹಾಗೇ ಮಣಿಕಟ್ಟನ್ನು ಒಳಕ್ಕೆ ಬಗ್ಗಿಸಿ. ನಡುವೆ ಚರ್ಮದಡಿ ಒಂದು ಹುರಿ ಎದ್ದು ನಿಂತರೆ ಅದೇ ಮುಂಗೈಯ ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನ ಟೆಂಡನ್, ಅಂದರೆ ಸ್ನಾಯುವಿನ ತುದಿಯ ಗಟ್ಟಿ ಹುರಿ. ಇದಕ್ಕೆ ಷೇಫರ್ ಪರೀಕ್ಷೆ ಎನ್ನುತ್ತಾರೆ. ಕಾಣದಿದ್ದರೆ ಕೂಡಲೇ 'ಇಲ್ಲ' ಎಂದು ಬರೆಯಬೇಡಿ. ಕೈ ದಪ್ಪ ಇರುವವರಲ್ಲಿ ಹುರಿ ಅಡಗಿರುತ್ತದೆ. ಬಗ್ಗಿಸಿದ ಮಣಿಕಟ್ಟಿಗೆ ನಿಮ್ಮ ಕೈಯಿಂದ ಎದುರು ಒತ್ತಡ ಕೊಟ್ಟು ಮತ್ತೆ ನೋಡಿ. ಎರಡೂ ಕೈ ನೋಡಿ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರುವುದು ಸಾಮಾನ್ಯ. ಹೆಬ್ಬೆರಳಿನ ಬದಿಗೆ ಕಾಣುವ ದಪ್ಪ ಹುರಿ ಬೇರೆ, ಅದು ಮಣಿಕಟ್ಟು ಬಗ್ಗಿಸುವ ಇನ್ನೊಂದು ಸ್ನಾಯು ಫ್ಲೆಕ್ಸರ್ ಕಾರ್ಪಿ ರೇಡಿಯಾಲಿಸ್‌ನದು. ಮಕ್ಕಳು ಜಾಸ್ತಿ ಎಡವುವುದು ಇಲ್ಲೇ.

ಪಠ್ಯಪುಸ್ತಕಗಳು ಸುಮಾರು 15% ಜನರಲ್ಲಿ ಈ ಸ್ನಾಯು ಇರುವುದಿಲ್ಲ ಎನ್ನುತ್ತವೆ. ಜನಾಂಗದಿಂದ ಜನಾಂಗಕ್ಕೆ ಇದು ಬದಲಾಗುತ್ತದೆ. ಇಲ್ಲದವರ ಹಿಡಿತಕ್ಕೆ ಕುಂದೇನೂ ಇಲ್ಲ. ಬಂದರಿನ ದಕ್ಕೆಯಲ್ಲಿ ಮೀನಿನ ಬುಟ್ಟಿ ಎತ್ತುವುದಕ್ಕೂ ಅದು ಬೇಕೇ ಬೇಕು ಅಂತಿಲ್ಲ. ಅದಕ್ಕೇ ಅಲ್ವಾ, ಬೇರೆ ಕಡೆ ಟೆಂಡನ್ ಕಸಿ ಬೇಕಾದಾಗ ಸರ್ಜನ್‌ಗಳು ಮೊದಲು ಇದನ್ನೇ ಹುಡುಕುವುದು.

ಅಪಾಯ ಇರುವುದೂ ಅಲ್ಲೇ. ಈ ಟೆಂಡನ್‌ಗೆ ತಾಗಿಕೊಂಡಂತೆ ಕೆಳಗೆ ಮೀಡಿಯನ್ ನರ ಇದೆ. ಟೆಂಡನ್ ಇಲ್ಲದ ಕೈಯಲ್ಲಿ ಗಾಯ ತೆರೆದರೆ ಮೊದಲು ಸಿಗುವ ಬಿಳಿ ಹುರಿ ಆ ನರವೇ ಆಗಿರಬಹುದು. ಕಸಿಗೆಂದು ನರವನ್ನೇ ಕತ್ತರಿಸಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಆ ನರ ಕಡಿದರೆ ಹೆಬ್ಬೆರಳಿನ ಶಕ್ತಿ, ಬೆರಳ ತುದಿಯ ಸ್ಪರ್ಶ ಎರಡೂ ಹೋಗುತ್ತವೆ. ಮಲ್ಲಿಗೆ ಕಟ್ಟುವವರಿಗೆ, ಬೀಡಿ ಸುತ್ತುವವರಿಗೆ ಅಂಥ ಕೈ ಇದ್ದೂ ಇಲ್ಲದ ಹಾಗೆ.

ಟೆಂಡನ್ ಯಾವುದು, ನರ ಯಾವುದು ಎಂದು ಗುರುತಿಸುವುದು ಹೀಗೆ. ಟೆಂಡನ್ ರೇಷ್ಮೆ ನೂಲಿನಂತೆ ಬಿಳಿಯಾಗಿ ಹೊಳೆಯುತ್ತದೆ. ನರ ಮಂಕು, ತುಸು ಹಳದಿ. ಅದರ ಮೇಲೆ ಉದ್ದಕ್ಕೆ ಸಣ್ಣ ರಕ್ತನಾಳಗಳು ಹರಿದಿರುತ್ತವೆ. ಮೆಲ್ಲಗೆ ಮೇಲಕ್ಕೆ ಬಿಡಿಸುತ್ತಾ ಹೋದರೆ ಟೆಂಡನ್ ಸ್ನಾಯುವಿನ ಮಾಂಸದ ಭಾಗಕ್ಕೆ ಸೇರುತ್ತದೆ. ಆ ಮಾಂಸ ಕಾಣದೆ ಕತ್ತರಿ ಹಾಕಲೇಬೇಡಿ. ಹೆಬ್ಬೆರಳಿನ ಬದಿಗೆ ಅಂಗೈ ಚರ್ಮದ ಸಣ್ಣ ನರ ಓಡುತ್ತದೆ, ಅದನ್ನೂ ಉಳಿಸಿ.

ಕೆಲವರಲ್ಲಿ ಇದೇ ಸ್ನಾಯು ತಲೆಕೆಳಗಾಗಿರುತ್ತದೆ: ಮೇಲೆ ಟೆಂಡನ್, ಮಣಿಕಟ್ಟಿನ ಹತ್ತಿರ ಮಾಂಸ. ಹೊರಗಿನಿಂದ ಅದು ಗಡ್ಡೆಯಂತೆ ಕಾಣುತ್ತದೆ, ನರವನ್ನೂ ಒತ್ತಬಹುದು. ಮಣಿಕಟ್ಟು ಬಗ್ಗಿಸಿದಾಗ ಗಡ್ಡೆ ಬಿಗಿಯಾದರೆ ಸ್ನಾಯು ಇರಬಹುದೆಂದು ಅನುಮಾನಿಸಿ, ಸ್ಕ್ಯಾನ್ ಮಾಡಿಸಿ.

ಮುಂಗೈಯ ಆಳದಲ್ಲಿ ಕೆಲವರಿಗೆ ಇರುವ ಗ್ಯಾಂಟ್ಸರ್ ಸ್ನಾಯುವನ್ನೂ ನೆನಪಿಡಿ. ಹೆಬ್ಬೆರಳು ಬಗ್ಗಿಸುವ ಸ್ನಾಯುವಿಗೆ ಸೇರುವ ಈ ಹೆಚ್ಚುವರಿ ತುಂಡು ಮೀಡಿಯನ್ ನರದ ಕವಲಾದ ಆಂಟೀರಿಯರ್ ಇಂಟರಾಸಿಯಸ್ ನರವನ್ನು ಒತ್ತಬಹುದು. ರೋಗಿಗೆ ಜೋಮು ಇರುವುದಿಲ್ಲ. ಹೆಬ್ಬೆರಳು, ತೋರುಬೆರಳ ತುದಿ ಬಗ್ಗಿಸಿ ದುಂಡನೆಯ ಉಂಗುರ ಮಾಡಲು ಮಾತ್ರ ಆಗುವುದಿಲ್ಲ.

ಇನ್ನು ಆಪರೇಷನ್ ದಿನದ ಮಾತು. ಕೈಗೆ ಅರಿವಳಿಕೆ ಕೊಟ್ಟ ಮೇಲೆ ರೋಗಿ ಬೆರಳು ಬಗ್ಗಿಸಲಾರರು. ಆದ್ದರಿಂದ ಪರೀಕ್ಷೆ ಅದಕ್ಕೂ ಮೊದಲೇ ಆಗಲಿ, ಟೆಂಡನ್ ಇರುವ ಗೆರೆಯನ್ನು ಮಾರ್ಕರ್‌ನಲ್ಲಿ ಚರ್ಮದ ಮೇಲೇ ಎಳೆಯಿರಿ. ಕೇಸ್ ಶೀಟಿನಲ್ಲಿ ಬಲ, ಎಡ ಬೇರೆ ಬೇರೆ ಬರೆಯಿರಿ. ಎರಡೂ ಕಡೆ ಇಲ್ಲದಿದ್ದರೆ ಕಸಿಗೆ ಕಾಲಿನ ಪ್ಲಾಂಟಾರಿಸ್ ಸ್ನಾಯುವಿನ ಟೆಂಡನ್ ಬೇಕಾದೀತು. ಅದೂ ಕೆಲವರಲ್ಲಿ ಇರುವುದಿಲ್ಲ. ಕಾಲಿಗೂ ಕೊಯ್ಯಬೇಕಾಗಬಹುದು ಎಂದು ರೋಗಿಗೆ ಹಿಂದಿನ ದಿನವೇ ತಿಳಿಸಿ, ಒಪ್ಪಿಗೆ ಪಡೆಯಿರಿ.