ಕೋನ್‌ಗಳ ಸಾಲು ಬಿಟ್ಟ ಮೇಲೆ: ಮಕ್ಕಳ ಫುಟ್‌ಬಾಲ್ ತರಬೇತಿಯಲ್ಲಿ ನನ್ನ ಅನುಭವ

ಬೆಂಗಳೂರಿನ ಒಂದು ಕೆಮ್ಮಣ್ಣಿನ ಮೈದಾನದಲ್ಲಿ ಹತ್ತರಿಂದ ಹದಿಮೂರು ವರ್ಷದ ಮಕ್ಕಳಿಗೆ ವಾರದಲ್ಲಿ ಮೂರು ದಿನ ಬೆಳಿಗ್ಗೆ ಫುಟ್‌ಬಾಲ್ ಹೇಳಿಕೊಡಲು ಆರಂಭಿಸಿದಾಗ, ನನಗೆ ಚಿಕ್ಕಂದಿನಲ್ಲಿ ಹೇಗೆ ಕಲಿಸಿದ್ದರೋ ಹಾಗೆಯೇ ನಾನೂ ಕಲಿಸಿದೆ. ಆರು ಕೋನ್‌ಗಳನ್ನು ಸಾಲಾಗಿ ಇಟ್ಟು, ಅದರ ಹಿಂದೆ ಮಕ್ಕಳನ್ನು ನಿಲ್ಲಿಸಿ, ಒಬ್ಬೊಬ್ಬರಾಗಿ ಡ್ರಿಬಲ್ ಮಾಡಿಕೊಂಡು, ಅಂದರೆ ಚೆಂಡನ್ನು ಕಾಲಲ್ಲೇ ಸರಿಸಿಕೊಂಡು ಹೋಗಿ ಗೋಲಿಗೆ ಹೊಡೆದು ಬರುವಂತೆ ಹೇಳುತ್ತಿದ್ದೆ. ನೋಡಲು ಅದು ಬಹಳ ಶಿಸ್ತಾಗಿ ಕಾಣುತ್ತಿತ್ತು. ಮೈದಾನದ ಅಂಚಿನಲ್ಲಿ ನಿಂತ ಪೋಷಕರೂ ಮೆಚ್ಚುತ್ತಿದ್ದರು. ಆದರೆ ಪಂದ್ಯದ ದಿನ ಎದುರಾಳಿಯೊಬ್ಬ ಹತ್ತಿರ ಬಂದ ಕೂಡಲೇ ಇದೇ ಮಕ್ಕಳು ತಲೆ ಎತ್ತದೆ ಚೆಂಡನ್ನು ಮುಂದಕ್ಕೆ ಒದ್ದುಬಿಡುತ್ತಿದ್ದರು.

ಒಂದು ದಿನ ಗಡಿಯಾರ ಹಿಡಿದು ಲೆಕ್ಕ ಹಾಕಿದೆ. ಎರಡು ಸಾಲು, ಸಾಲಿಗೆ ಎಂಟು ಮಕ್ಕಳು, ಒಬ್ಬನ ಸರದಿಗೆ ಸುಮಾರು 12 ಸೆಕೆಂಡು. 15 ನಿಮಿಷದ ಅಭ್ಯಾಸದಲ್ಲಿ ಒಂದು ಮಗುವಿನ ಕಾಲಿಗೆ ಚೆಂಡು ಸಿಕ್ಕಿದ್ದು ಎರಡು ನಿಮಿಷಕ್ಕೂ ಕಡಿಮೆ. ಉಳಿದ ಹದಿಮೂರು ನಿಮಿಷ ಆ ಮಗು ಸಾಲಿನಲ್ಲಿ ನಿಂತಿತ್ತು. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಕೋನ್ ಎಂದೂ ಚೆಂಡನ್ನು ಕಸಿಯಲು ಬರುವುದಿಲ್ಲ. ಎದುರಾಳಿ ಎತ್ತ ವಾಲುತ್ತಾನೆ, ಜಾಗ ಎಲ್ಲಿ ತೆರೆದುಕೊಳ್ಳುತ್ತದೆ ಎಂಬುದನ್ನು ನೋಡುವ ಅಗತ್ಯವೇ ಆ ಮಕ್ಕಳಿಗೆ ಬಂದಿರಲಿಲ್ಲ. ಅಂದಿನಿಂದ ನಾನು ಪ್ರತಿ ಡ್ರಿಲ್‌ಗೂ ಎರಡು ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇದರಲ್ಲಿ ಎದುರಾಳಿ ಇದ್ದಾನೆಯೇ, ಮಗು ತಾನೇ ತೀರ್ಮಾನ ತೆಗೆದುಕೊಳ್ಳಬೇಕಾದದ್ದು ಏನಾದರೂ ಇದೆಯೇ?

ಎದುರಾಳಿ ಇಲ್ಲದೆ ನಾನು ಈಗಲೂ ಮಾಡಿಸುವುದು ಮೊದಲ ಹತ್ತು ನಿಮಿಷ ಮಾತ್ರ. 15 ಮೀಟರ್ ಚೌಕದೊಳಗೆ ಎಲ್ಲರಿಗೂ ಒಂದೊಂದು ಚೆಂಡು, ಹನ್ನೆರಡರೊಳಗಿನವರಿಗೆ 4ನೇ ಸೈಜಿನದು. ಅಂಗಾಲಿನಿಂದ ಉರುಳಿಸುವುದು, ಪಾದದ ಒಳಬದಿ ಮತ್ತು ಹೊರಬದಿಯಿಂದ ತಳ್ಳುವುದು, ಥಟ್ಟನೆ ತಿರುಗುವುದು. ಹದಿನಾರು ಮಕ್ಕಳು ಒಂದೇ ಚೌಕದಲ್ಲಿ ಓಡಾಡುವುದರಿಂದ ತಲೆ ಎತ್ತದಿದ್ದರೆ ಡಿಕ್ಕಿ ಖಂಡಿತ. ನಡುನಡುವೆ ನಾನು ಕೈ ಎತ್ತಿ ಬೆರಳು ತೋರಿಸುತ್ತೇನೆ, ಅವರು ಎಣಿಸಿ ಕೂಗಬೇಕು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು, ಆ ತಂಡದ ಹೆಚ್ಚಿನವರು ಬರಿಗಾಲಿನಲ್ಲೇ ಆಡಿದರು ಎಂಬುದನ್ನು ನಾನು ಮಕ್ಕಳಿಗೆ ಹೇಳುತ್ತಿರುತ್ತೇನೆ. ಚೆಂಡು ಪಾದದ ಯಾವ ಭಾಗಕ್ಕೆ ತಗುಲಿತು ಎಂಬುದನ್ನು ಶೂ ಒಳಗಿನಿಂದಲೂ ಗುರುತಿಸಬೇಕು ಎಂದು ಅವರಿಗೆ ಅರ್ಥ ಮಾಡಿಸಲು ಇದಕ್ಕಿಂತ ಒಳ್ಳೆಯ ಮಾತು ನನಗೆ ಸಿಕ್ಕಿಲ್ಲ.

ಚೆಂಡಿನ ನಿಯಂತ್ರಣ ಎಂದರೆ ಕಾಲಿನ ಕೆಲಸ ಎಂದು ಬಹುಕಾಲ ನಂಬಿದ್ದೆ. ಅದರ ಅರ್ಧ ಪಾಲು ಕುತ್ತಿಗೆಯ ಕೆಲಸ ಎಂದು ಅರಿವಾದದ್ದು ಮೂವರ ಒಂದು ಡ್ರಿಲ್‌ನಿಂದ. ಇಬ್ಬರು ಸುಮಾರು 16 ಮೀಟರ್ ಅಂತರದಲ್ಲಿ ನಿಲ್ಲುತ್ತಾರೆ, ಮೂರನೆಯವರು ನಡುವೆ. ಒಂದು ತುದಿಯವನು ನಡುವಿನವನಿಗೆ ಪಾಸ್ ಕೊಡುತ್ತಾನೆ. ಚೆಂಡು ಹೊರಟ ಹೊತ್ತಿಗೆ ಬೆನ್ನ ಹಿಂದಿರುವವನು ತನಗೆ ತೋಚಿದಂತೆ ಮುನ್ನುಗ್ಗಬಹುದು, ಇಲ್ಲವೇ ನಿಂತಲ್ಲೇ ನಿಲ್ಲಬಹುದು. ನುಗ್ಗಿ ಬಂದರೆ ನಡುವಿನವನು ಒಂದೇ ಟಚ್‌ನಲ್ಲಿ ಚೆಂಡನ್ನು ಹಿಂತಿರುಗಿಸಬೇಕು. ಬರದಿದ್ದರೆ ಚೆಂಡಿನಿಂದ ದೂರವಿರುವ ಕಾಲಿನಲ್ಲಿ ಅದನ್ನು ತೆಗೆದುಕೊಂಡು, ಮೈಯನ್ನು ಅರ್ಧ ತೆರೆದುಕೊಂಡು ತಿರುಗಬೇಕು. ಭುಜದ ಮೇಲಿಂದ ಹಿಂದಕ್ಕೆ ನೋಡದವನಿಗೆ ಇದು ಸಾಧ್ಯವೇ ಇಲ್ಲ.

ಹನ್ನೊಂದು ವರ್ಷದ ಒಬ್ಬ ಹುಡುಗಿ ಇದರಲ್ಲಿ ಪದೇ ಪದೇ ತಪ್ಪುತ್ತಿದ್ದಳು. "ಸರ್, ನಾನು ನೋಡಿದ್ನಲ್ಲ" ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು. ಆಕೆ ನಿಜವಾಗಿಯೂ ನೋಡುತ್ತಿದ್ದಳು, ಆದರೆ ಪಾಸ್ ಹೊರಡುವುದಕ್ಕೆ ಬಹಳ ಮುಂಚೆ. ಆಮೇಲೆ ಹಿಂದೆ ಏನಾಯಿತೆಂದು ಆಕೆಗೆ ತಿಳಿಯುತ್ತಿರಲಿಲ್ಲ. "ಚೆಂಡು ಅವನ ಕಾಲು ಬಿಟ್ಟ ಮೇಲೆ ಇನ್ನೊಂದು ಸಲ ನೋಡಮ್ಮ" ಎಂದೆ. ಆ ಪುಟ್ಟ ತಿದ್ದುಪಡಿಗೆ ಎರಡು ವಾರ ಹಿಡಿಯಿತು. ಅದಕ್ಕೂ ಮುಂಚೆ ನಾನು "ನೋಡು, ನೋಡು" ಎಂದು ಕೂಗುತ್ತಿದ್ದೆನೇ ಹೊರತು, ಯಾವಾಗ ನೋಡಬೇಕು ಎಂಬುದನ್ನು ಒಬ್ಬರಿಗೂ ಹೇಳಿಕೊಟ್ಟಿರಲಿಲ್ಲ.

ನಂತರ ರೊಂಡೊ, ಅಂದರೆ ಸುತ್ತ ನಿಂತವರು ಒಳಗಿರುವವನಿಗೆ ಸಿಗದಂತೆ ಚೆಂಡನ್ನು ಪಾಸ್ ಮಾಡುವ ಆಟ. 8 ಮೀಟರ್ ಚೌಕದ ಸುತ್ತ ನಾಲ್ವರು, ಒಳಗೆ ಒಬ್ಬ. ಪಾಸ್‌ಗಳು ತಪ್ಪದೆ ಸಾಗತೊಡಗಿದ ಮೇಲೆ ಚೌಕವನ್ನು 10 ಮೀಟರಿಗೆ ಹಿಗ್ಗಿಸಿ ಒಳಗೆ ಇಬ್ಬರು. ಇದನ್ನು ಪಾಸ್ ಕಲಿಸುವ ಆಟವೆಂದೇ ಎಲ್ಲರೂ ತಿಳಿಯುತ್ತಾರೆ. ನಾನು ಇದನ್ನು ಒಳಗಿರುವ ಇಬ್ಬರಿಗೆ ರಕ್ಷಣೆ ಕಲಿಸಲೂ ಬಳಸುತ್ತೇನೆ. ಒಬ್ಬ ಚೆಂಡಿನತ್ತ ಓಡಿ ಒತ್ತಡ ಹಾಕಿದರೆ, ಇನ್ನೊಬ್ಬ ಚೆಂಡಿನತ್ತ ಓಡಬಾರದು. ಅವರಿಬ್ಬರ ನಡುವೆ ತೂರಿ ಹೋಗಬಹುದಾದ ಪಾಸನ್ನು ಮುಚ್ಚಿ ನಿಲ್ಲಬೇಕು.

ಆದರೆ ರಕ್ಷಣೆಯ ಮೂಲಪಾಠ ಒಬ್ಬನೆದುರು ಒಬ್ಬನ ಆಟದಲ್ಲಿದೆ, ಮತ್ತು ನಾನು ಅತಿ ಹೆಚ್ಚು ಸಮಯ ಕೊಡುವುದೂ ಇದಕ್ಕೇ. 10 ಮೀಟರ್ ಅಗಲ, 15 ಮೀಟರ್ ಉದ್ದದ ಜಾಗ. ಡಿಫೆಂಡರ್ ಪಾಸ್ ಕೊಟ್ಟು ಓಡಿಬರುತ್ತಾನೆ. ಚೆಂಡು ಪಡೆದವನು ಅವನನ್ನು ದಾಟಿ ಕೊನೆಯ ಗೆರೆಯನ್ನು ಮುಟ್ಟಬೇಕು. ಹೊಸಬರು ಒಂದೇ ತಪ್ಪು ಮಾಡುತ್ತಾರೆ: ಓಡಿಬಂದ ವೇಗದಲ್ಲೇ ಚೆಂಡು ಕಸಿಯಲು ಕಾಲು ಹಾಕುತ್ತಾರೆ, ಅಟ್ಯಾಕರ್ ಚೆಂಡನ್ನು ಪಕ್ಕಕ್ಕೆ ಸರಿಸಿ ಹೊರಟುಹೋಗುತ್ತಾನೆ. ನಾನು ಹೇಳುವುದು ಇಷ್ಟು: ದೂರವನ್ನು ವೇಗವಾಗಿ ಕ್ರಮಿಸು, ಕೊನೆಯ ಮೂರು ಮೀಟರಿನಲ್ಲಿ ಹೆಜ್ಜೆ ಚಿಕ್ಕದು ಮಾಡು, ಮೊಣಕಾಲು ಬಾಗಿಸು, ಎದೆ ಕೊಟ್ಟು ನೇರವಾಗಿ ನಿಲ್ಲದೆ ಮೈ ಓರೆ ಮಾಡಿ ಅವನನ್ನು ಅಂಚಿನ ಗೆರೆಯತ್ತ ತಳ್ಳು. ಕಣ್ಣು ಚೆಂಡಿನ ಮೇಲಿರಲಿ. ಅವನ ಭುಜ, ಸೊಂಟ ಎಲ್ಲವೂ ಸುಳ್ಳು ಹೇಳಬಲ್ಲವು. ಅವನು ಚೆಂಡನ್ನು ತನ್ನ ಪಾದದಿಂದ ಒಂದು ಹೆಜ್ಜೆ ಹೆಚ್ಚು ದೂರ ತಳ್ಳಿದಾಗ ಮಾತ್ರ ಕಾಲು ಹಾಕು.

"ಕಾಲು ಹಾಕಬೇಡ, ಕಾಯಿ" ಎಂಬ ಮಾತನ್ನು ನಾನು ಒಂದು ಬೆಳಿಗ್ಗೆ ಎಷ್ಟು ಸಲ ಹೇಳುತ್ತೇನೋ ಲೆಕ್ಕವಿಲ್ಲ. ಕಾಯುವುದು ಧೈರ್ಯದ ಕೆಲಸವೆಂದು ಮಕ್ಕಳಿಗೆ ಅನ್ನಿಸುವುದಿಲ್ಲ, ಹಿಂದೆ ಸರಿದಂತೆ ತೋರುತ್ತದೆ. ಅದಕ್ಕಾಗಿ ಅಂಕದ ನಿಯಮ ಬದಲಿಸಿದೆ: ಎದುರಾಳಿಯನ್ನು ಐದು ಸೆಕೆಂಡು ತಡೆದು ನಿಲ್ಲಿಸಿದರೂ ಡಿಫೆಂಡರ್‌ಗೆ ಒಂದು ಅಂಕ. ಅಂದಿನಿಂದ ನೆಲಕ್ಕೆ ಜಾರಿ ಬೀಳುವುದು ಬಹಳ ಕಡಿಮೆಯಾಯಿತು. ಕೆಮ್ಮಣ್ಣಿನಲ್ಲಿ ತೊಡೆ ತರಚಿಕೊಳ್ಳುವುದೂ ತಪ್ಪಿತು. ಇದನ್ನೇ ಇಬ್ಬರೆದುರು ಇಬ್ಬರಿಗೆ ವಿಸ್ತರಿಸಿದಾಗ, ಎರಡನೆಯ ಡಿಫೆಂಡರ್ ಮೊದಲನೆಯವನಿಗಿಂತ ನಾಲ್ಕೈದು ಮೀಟರ್ ಹಿಂದೆ, ಓರೆಯಾಗಿ ನಿಲ್ಲುವುದನ್ನು ಕಲಿಸುತ್ತೇನೆ. ಸಮಸಮವಾಗಿ ನಿಂತರೆ ಒಂದೇ ಪಾಸ್ ಇಬ್ಬರನ್ನೂ ದಾಟಿಬಿಡುತ್ತದೆ.

ಆಕ್ರಮಣದಲ್ಲಿ ನನಗೆ ಹೆಚ್ಚು ಫಲ ಕೊಟ್ಟದ್ದು ಇಬ್ಬರೆದುರು ಒಬ್ಬನ ಆಟ. ಸಂಖ್ಯೆಯಲ್ಲಿ ಮೇಲುಗೈ ಇದ್ದರೂ ಮಕ್ಕಳು ಇದರಲ್ಲಿ ಸೋಲುತ್ತಾರೆ, ಏಕೆಂದರೆ ಚೆಂಡು ಇರುವವನು ಡಿಫೆಂಡರ್ ಇನ್ನೂ ದೂರವಿರುವಾಗಲೇ ಪಾಸ್ ಕೊಟ್ಟುಬಿಡುತ್ತಾನೆ. ಡಿಫೆಂಡರ್ ಆರಾಮವಾಗಿ ಸರಿದು ಇನ್ನೊಬ್ಬನನ್ನು ಹಿಡಿಯುತ್ತಾನೆ. ಪಾಸ್ ಕೊಡುವ ಮನಸ್ಸಿದ್ದರೂ ಮೊದಲು ಡಿಫೆಂಡರ್‌ನ ಮೇಲೆಯೇ ನೇರವಾಗಿ ಓಡಬೇಕು. ಎರಡು ಮೂರು ಮೀಟರ್ ಹತ್ತಿರವಾಗಿ, ಅವನು ತನ್ನತ್ತ ಹೆಜ್ಜೆ ಇಟ್ಟ ಗಳಿಗೆಯಲ್ಲಿ ಚೆಂಡು ಬಿಡಬೇಕು. ಅವನು ಹೆಜ್ಜೆ ಇಡಲೇ ಇಲ್ಲವೆಂದರೆ ಪಾಸ್ ಕೊಡಲೇಬಾರದು, ತಾನೇ ನುಗ್ಗಬೇಕು. ಈ ಒಂದು ತೀರ್ಮಾನವನ್ನು ಯಾವ ಕೋನ್ ಕಲಿಸೀತು?

ಗೋಲಿಗೆ ಹೊಡೆಯುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೂರದ ಕಂಬದತ್ತ, ನೆಲಕ್ಕೆ ತಾಗಿದಂತೆ ಹೊಡೆಯಿರಿ ಎನ್ನುತ್ತೇನೆ. ಕೀಪರ್ ತಡೆದರೂ ಚೆಂಡು ಮತ್ತೆ ಮುಂದಕ್ಕೆ ಸಿಡಿಯುತ್ತದೆ. ಹೆಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವುದನ್ನು ಹನ್ನೆರಡರೊಳಗಿನವರಿಗೆ ನಾನು ಮಾಡಿಸುವುದೇ ಇಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ನ ಫುಟ್‌ಬಾಲ್ ಸಂಸ್ಥೆಗಳು 2020ರಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳ ತರಬೇತಿಯಿಂದ ಅದನ್ನು ಕೈಬಿಡುವಂತೆ ಸೂಚಿಸಿದ್ದು ನನ್ನ ನಿಲುವನ್ನು ಗಟ್ಟಿಗೊಳಿಸಿತು.

ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಪಾಸ್ ಹೆಚ್ಚಲಿ ಎಂದು ಕೊನೆಯ ನಾಲ್ವರೆದುರು ನಾಲ್ವರ ಆಟದಲ್ಲಿ ಎರಡೇ ಟಚ್, ಅಂದರೆ ಒಬ್ಬರು ಒಂದು ಸಲಕ್ಕೆ ಚೆಂಡನ್ನು ಎರಡೇ ಬಾರಿ ಮುಟ್ಟಬಹುದು ಎಂಬ ನಿಯಮ ಹಾಕಿದ್ದೆ. ಪಾಸ್‌ಗಳೇನೋ ಹೆಚ್ಚಿದವು, ಆದರೆ ಒಂದು ತಿಂಗಳೊಳಗೆ ಡ್ರಿಬಲ್ ಮಾಡುವ ಧೈರ್ಯವೇ ಮಕ್ಕಳಿಂದ ಮಾಯವಾಯಿತು. ನನ್ನಲ್ಲಿದ್ದ ಅತ್ಯಂತ ಚುರುಕಾದ ಹುಡುಗ ಚೆಂಡು ಬಂದ ಕೂಡಲೇ ಬೇರೆಯವರಿಗೆ ದಾಟಿಸಿ ಸುಮ್ಮನಾಗುತ್ತಿದ್ದ. ನಿಯಮವನ್ನು ತೆಗೆದೆ. ಈಗ ಟಚ್‌ಗೆ ಮಿತಿಯಿಲ್ಲ, ಒಬ್ಬನನ್ನು ದಾಟಿ ಹೊಡೆದ ಗೋಲಿಗೆ ಎರಡು ಅಂಕವಿದೆ. ಆ ಇಪ್ಪತ್ತು ನಿಮಿಷ ನಾನು ಹೆಚ್ಚು ಮಾತಾಡುವುದಿಲ್ಲ. ಕಂಡದ್ದನ್ನು ಪುಸ್ತಕದಲ್ಲಿ ಬರೆದುಕೊಂಡು ಮರುದಿನದ ಡ್ರಿಲ್ ಅದರಿಂದಲೇ ಕಟ್ಟುತ್ತೇನೆ.

ಈ ಸಲದ ಕೆಲಸ ಗೋಲ್ ಕಿಕ್‌ನಿಂದ, ಅಂದರೆ ನಮ್ಮ ಗೋಲಿನ ಮುಂದಿನಿಂದ ಚೆಂಡನ್ನು ಒದ್ದು ಆಟ ಮತ್ತೆ ಶುರು ಮಾಡುವಲ್ಲಿಂದ, ಆಟ ಕಟ್ಟುವುದು. 2019ರ ನಿಯಮ ಬದಲಾವಣೆಯ ನಂತರ ಚೆಂಡು ಗೋಲಿನ ಮುಂದೆ ಗೆರೆ ಎಳೆದ ಪೆನಾಲ್ಟಿ ಪ್ರದೇಶದಿಂದ ಹೊರಗೆ ಹೋಗಬೇಕೆಂದಿಲ್ಲ, ಒದ್ದು ಚಲಿಸಿದ ಕೂಡಲೇ ಆಟ ಶುರುವಾಗುತ್ತದೆ. ಹೀಗಾಗಿ ನಮ್ಮ ಡಿಫೆಂಡರ್ ಆ ಗೆರೆಯೊಳಗೇ ಪಾಸ್ ಪಡೆಯಬಹುದು. ಕೀಪರ್, ಮೂವರು ಡಿಫೆಂಡರ್‌ಗಳು, ಅವರನ್ನು ಒತ್ತಲು ಇಬ್ಬರು ಎದುರಾಳಿಗಳು. ನಡುಗೆರೆಯಲ್ಲಿಟ್ಟ ಎರಡು ಪುಟ್ಟ ಗೇಟುಗಳಲ್ಲಿ ಒಂದರೊಳಗೆ ಚೆಂಡು ದಾಟಿಸಬೇಕು. ಗೇಟುಗಳನ್ನು ನಡುವೆ ಇಟ್ಟಿದ್ದಾಗ ಎಲ್ಲರೂ ಅಲ್ಲಿಗೇ ತುರುಕಲು ನೋಡಿ ಚೆಂಡು ಕಳೆದುಕೊಳ್ಳುತ್ತಿದ್ದರು. ಕಳೆದ ವಾರ ಅವುಗಳನ್ನು ಎರಡೂ ಅಂಚಿಗೆ ಸರಿಸಿದೆ. ಆ ಹುಡುಗಿ ಈಗ ಬಲಬದಿಯಲ್ಲಿ ಆಡುತ್ತಾಳೆ. ಪಾಸ್ ಹೊರಟ ಮೇಲೆ ಒಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಾಳೆ, ಆಮೇಲೆ ಕಾಲು ಚಾಚುತ್ತಾಳೆ.