ಮಗನ ದನಿ ಒಡೆದರೆ ದಯವಿಟ್ಟು ನಗಬೇಡಿ
ಮೊನ್ನೆ ಬೆಳಗ್ಗೆ ಜಯನಗರದ ನಮ್ಮ ಮನೆಯಲ್ಲಿ ಮಗ "ಅಮ್ಮಾ, ಚಟ್ನಿ ಹಾಕು" ಅಂದ. 'ಅಮ್ಮಾ' ಕೀರಲು, 'ಚಟ್ನಿ' ಗಡಸು. ಅವನ ಅಕ್ಕ ನಕ್ಕುಬಿಟ್ಟಳು. ಅರ್ಧ ದೋಸೆ ತಟ್ಟೆಯಲ್ಲೇ ಬಿಟ್ಟು ಎದ್ದು ಹೋದ, ನನಗಂತೂ ತುಂಬಾ ಬೇಜಾರಾಯಿತು. ಹದಿಹರೆಯಕ್ಕೆ ಕಾಲಿಡುತ್ತಿರುವ ಮಕ್ಕಳಿರುವವರು ಮೈಯಲ್ಲಿ ಏನೇನು ಬದಲಾಗುತ್ತದೆ ಅಂತ ಅವರಿಗೆ ಮೊದಲೇ ಹೇಳಿಡಿ.

ಸಂಜೆ ಕೂರಿಸಿಕೊಂಡು ಇಷ್ಟು ಹೇಳಿದೆ. ಮೆದುಳಿನ ಬುಡದಲ್ಲಿ ಪಿಟ್ಯುಟರಿ ಅಂತ ಬಟಾಣಿ ಕಾಳಿನಷ್ಟು ಗ್ರಂಥಿ ಇದೆ, ಅದು ಬಿಡುವ ಹಾರ್ಮೋನು ರಕ್ತದಲ್ಲಿ ಹೋಗಿ ಹುಡುಗರಲ್ಲಿ ವೃಷಣಕ್ಕೆ ಟೆಸ್ಟೋಸ್ಟೆರಾನ್, ಹುಡುಗಿಯರಲ್ಲಿ ಅಂಡಾಶಯಕ್ಕೆ ಈಸ್ಟ್ರೋಜನ್ ಅನ್ನುವ ಹಾರ್ಮೋನು ಜಾಸ್ತಿ ಮಾಡು ಅಂತ ಸೂಚನೆ ಕೊಡುತ್ತದೆ. ಟೆಸ್ಟೋಸ್ಟೆರಾನಿನಿಂದ ಗಂಟಲಿನ ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ, ಒಳಗಿನ ತಂತುಗಳು ಉದ್ದ, ದಪ್ಪ ಆಗುತ್ತವೆ. ಈ ಹೊಸ ಅಳತೆ ಅಭ್ಯಾಸವಾಗುವವರೆಗೆ ದನಿ ಒಡೆಯುತ್ತದೆ, ಅಷ್ಟೇ. ಕೆಲವು ತಿಂಗಳಲ್ಲಿ ಸರಿಹೋಗುತ್ತದೆ.

ಮೊಡವೆಗೂ ಹಾರ್ಮೋನೇ ಕಾರಣ, ಚರ್ಮದ ಎಣ್ಣೆ ಗ್ರಂಥಿಗಳು ಜಾಸ್ತಿ ಕೆಲಸ ಮಾಡುತ್ತವೆ. ಬೋಂಡಾ ತಿಂದಿದ್ದಕ್ಕೇ ಬಂತು ಅಂತ ಸುಮ್ನೆ ಬೈಯಬೇಡಿ. ದಿನಕ್ಕೆ 2 ಸಲ ಮುಖ ತೊಳೆದರೆ ಸಾಕು, ಚಿವುಟಬಾರದು.

ಹೆಣ್ಣುಮಕ್ಕಳಿಗೆ ಮೈ ಬದಲಾಗಲು ಶುರುವಾಗಿ ಸಾಮಾನ್ಯವಾಗಿ 2-3 ವರ್ಷಕ್ಕೆ ಮುಟ್ಟು ಬರುತ್ತದೆ. ಸ್ಕೂಲ್ ಬ್ಯಾಗಿನಲ್ಲಿ ಪ್ಯಾಡ್ ಮೊದಲೇ ಇಟ್ಟು, ಹೇಗೆ ಹಾಕಿಕೊಳ್ಳುವುದು ಅಂತಲೂ ತೋರಿಸಿಕೊಡಿ. ಅಪ್ಪಂದಿರಿಗೂ ಇದು ಗೊತ್ತಿರಬೇಕು ಅಲ್ವಾ?

ಹುಡುಗಿಗೆ 8, ಹುಡುಗನಿಗೆ 9 ತುಂಬುವ ಮೊದಲೇ ಬದಲಾವಣೆ ಕಂಡರೆ, ಅಥವಾ ಹುಡುಗಿಗೆ 13, ಹುಡುಗನಿಗೆ 14 ತುಂಬಿದರೂ ಏನೂ ಕಾಣದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಬೆಂಗಳೂರಿನಲ್ಲಾದರೆ ನಿಮ್ಹಾನ್ಸ್ ಹತ್ತಿರ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ, ಸರ್ಕಾರದ್ದೇ.